ನಾಲ್ಕು ಕೋಟಿ ಅಂಕಿಯ ‘ದೊಡ್ಡಣ್ಣ’: ಓದುಗರ ಗಣಿತದ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದ, ಇಮೇಲ್, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯದ್ದು. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಚಕ್ರಬಡ್ಡಿ ಲೆಕ್ಕ ಕೇಳಿದ ನಂಜನಗೂಡಿನವರು ಬೇಜಾರು ಮಾಡ್ಕೋಬೇಡಿ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. 1ರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. 2, 3, 5, 7, 11, ಹೀಗೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು 2ರ 13,62,79,841ನೇ ಘಾತದಲ್ಲಿ 1 ಕಳೆದರೆ ಬರುವ ಸಂಖ್ಯೆ. ಅಂದರೆ ಅಷ್ಟು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ 1 ತೆಗೆಯೋದು. ಬಿಡಿಸಿ ಬರೆದರೆ 4,10,24,320 ಅಂಕಿ. ಸೆಕೆಂಡಿಗೆ ಒಂದರಂತೆ ಓದಿದರೆ, ಊಟ ನಿದ್ದೆ ಬಿಟ್ಟು ಓದಿದರೂ, 475 ದಿನ ಬೇಕು. ಪ್ರತಿ ಸಲ ಇಷ್ಟುದ್ದದ ಹೆಸರು ಬರೆಯೋಕಾಗಲ್ಲ. ಇಲ್ಲಿ ಸುಮ್ನೆ ‘ದೊಡ್ಡಣ್ಣ’ ಅನ್ನೋಣ.

ಪ್ರಶ್ನೆ: ಆ ಸಂಖ್ಯೆಯ ಕೊನೆಯ ಅಂಕಿ 1 ಎಂದು ನಮ್ಮ ಲೆಕ್ಚರರ್ ಬೋರ್ಡ್ ಮೇಲೆ ಎರಡೇ ನಿಮಿಷದಲ್ಲಿ ತೋರಿಸಿದರು. ಕ್ಲಾಸಿನಲ್ಲಿ ತಲೆ ಆಡಿಸಿದೆ, ಮನೆಗೆ ಬಂದ ಮೇಲೆ ಏನೂ ನೆನಪಿಲ್ಲ. ಪೂರ್ತಿ ಬರೆಯದೆ ಕೊನೆಯ ಅಂಕಿ ಹೇಗೆ ಗೊತ್ತಾಗುತ್ತದೆ ಸಾರ್?
(ಪಿಯುಸಿ ವಿದ್ಯಾರ್ಥಿನಿ, ಮದ್ದೂರು)

ಉತ್ತರ: ಪೆನ್ಸಿಲ್ ತಗೊಳ್ಳಮ್ಮ. 2ರ ಘಾತಗಳನ್ನು ಬರೆಯುತ್ತಾ ಹೋಗು: 2, 4, 8, 16, 32, 64, 128, 256. ಬರೀ ಕೊನೆಯ ಅಂಕಿ ನೋಡು. 2, 4, 8, 6, ಮತ್ತೆ 2, 4, 8, 6. ನಾಲ್ಕಕ್ಕೊಂದು ಸುತ್ತು. ಹಾಗಾದರೆ ಘಾತಾಂಕವನ್ನು 4ರಿಂದ ಭಾಗಿಸಿದಾಗ ಉಳಿಯುವ ಶೇಷ ಒಂದು ಗೊತ್ತಾದರೆ ಸಾಕು. 13,62,79,841ರ ಕೊನೆಯ ಎರಡಂಕಿ 41. ಅದನ್ನು 4ರಿಂದ ಭಾಗಿಸಿದರೆ ಶೇಷ 1. ಅಂದರೆ ಸುತ್ತಿನ ಮೊದಲನೆಯದು, 2. ಅದರಲ್ಲಿ 1 ಕಳೆ. ಉತ್ತರ 1. ಮುಗೀತು.

ನಿಮ್ಮ ಲೆಕ್ಚರರ್ ಇಲ್ಲಿಗೆ ನಿಲ್ಲಿಸಿದ್ದಾರೆ. ನಾವು ಇನ್ನೊಂದು ಹೆಜ್ಜೆ ಹೋಗೋಣ. ಕೊನೆಯ ಎರಡು ಅಂಕಿಗಳೂ ಸುತ್ತುತ್ತವೆ, ಆದರೆ 20ಕ್ಕೊಂದು ಸುತ್ತು. ಎರಡನೇ ಘಾತ 04, ಇಪ್ಪತ್ತೆರಡನೇ ಘಾತ 41,94,304, ಅದರ ಕೊನೆಯೂ 04. ಘಾತಾಂಕವನ್ನು 20ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 21ನೇ ಘಾತದ ಕೊನೆ ಏನಿದೆಯೋ ಇಲ್ಲೂ ಅದೇ. 21ನೇ ಘಾತ 20,97,152. ಕೊನೆ 52. ಒಂದು ಕಳೆದರೆ 51. ಕಂಪ್ಯೂಟರ್ ಬಿಡಿಸಿ ಇಟ್ಟಿರುವ ಫೈಲ್ ತೆರೆದು ಕೊನೆಗೆ ಹೋಗಿ ನೋಡು, 51 ಅಂತಲೇ ಇರುತ್ತದೆ.

ಎಷ್ಟು ಅಂಕಿ ಇದೆ ಅನ್ನೋದಕ್ಕೂ ಬರೆದು ಎಣಿಸಬೇಕಿಲ್ಲ. 2ರ ಲಾಗ್ ಅನ್ನು (10ರ ಎಷ್ಟನೇ ಘಾತ 2 ಆಗುತ್ತದೋ ಆ ಸಂಖ್ಯೆಯನ್ನು) ಘಾತಾಂಕದಿಂದ ಗುಣಿಸಿದರೆ ಆಯಿತು. ಆದರೆ ಇಲ್ಲಿ ಒಂದು ಹಳ್ಳ ಇದೆ, ನೋಡಿಕೊಂಡು ನಡಿ. ಲಾಗ್ ಟೇಬಲ್ಲಿನ 0.3010 ಹಾಕಿದರೆ ಉತ್ತರ ನಾಲ್ಕು ಸಾವಿರ ಅಂಕಿಯಷ್ಟು ತಪ್ಪುತ್ತದೆ. 0.30103 ಹಾಕಿದರೂ ಒಂದು ಅಂಕಿ ಜಾಸ್ತಿ ಬರುತ್ತದೆ! ಘಾತಾಂಕ ಅಷ್ಟು ದೊಡ್ಡದಾದ್ದರಿಂದ ಹತ್ತನೇ ದಶಾಂಶ ಸ್ಥಾನದ ತನಕ ಬೇಕು, 0.3010299957. ಆಗ ಗುಣಲಬ್ಧ ಸುಮಾರು 4,10,24,319.95. ಪೂರ್ಣಾಂಕಕ್ಕೆ ಒಂದು ಸೇರಿಸಿದರೆ ಅಂಕಿಗಳ ಸಂಖ್ಯೆ, 4,10,24,320. ಕೊನೆಗೆ 1 ಕಳೆಯುತ್ತೇವಲ್ಲ, ಅದರಿಂದ ಅಂಕಿ ಕಮ್ಮಿ ಆಗೋದಿಲ್ಲವೇ ಅಂತ ಕೇಳಬಹುದು. ಆಗೋದಿಲ್ಲ. 1 ಕಳೆದಾಗ ಅಂಕಿ ಕಮ್ಮಿಯಾಗೋದು 100, 1000ದಂಥ ಸಂಖ್ಯೆಗೆ ಮಾತ್ರ, 2ರ ಯಾವ ಘಾತವೂ ಹಾಗಿರೋದಿಲ್ಲ.

ಇನ್ನೂ ಸ್ವಾರಸ್ಯ ಬೇಕಾ? ಆ ದಶಾಂಶ ಭಾಗವನ್ನು ಸ್ವಲ್ಪ ಸರಿಯಾಗಿ 0.9453 ಅಂತ ಹಿಡಿದು ಆಂಟಿಲಾಗ್ ನೋಡು. 8.81 ಚಿಲ್ಲರೆ. ದೊಡ್ಡಣ್ಣ 881ರಿಂದ ಶುರುವಾಗುತ್ತಾನೆ. ನಾಲ್ಕು ಕೋಟಿ ಅಂಕಿಯಲ್ಲಿ ತಲೆಯೂ ಬಾಲವೂ ಸಿಕ್ಕಿತು, ಒಂದೂ ಗುಣಾಕಾರವನ್ನು ಪೂರ್ತಿ ಮಾಡದೆ.

ಎಲ್ಲ ಅಂಕಿಗಳನ್ನು ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವ ತನಕ ಕೂಡುತ್ತಾ ಹೋದರೆ ಏನು ಬರುತ್ತದೆ ಅನ್ನೋದನ್ನು ನಿನಗೇ ಬಿಡುತ್ತೇನೆ. ಸುಳಿವು: 9ರಿಂದ ಭಾಗಿಸಿದಾಗ 2ರ ಘಾತಗಳ ಶೇಷ 2, 4, 8, 7, 5, 1 ಅಂತ ಆರಕ್ಕೊಂದು ಸುತ್ತು. ಉತ್ತರ 4 ಬರಬೇಕು.

ಪ್ರಶ್ನೆ: ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ನೋಡಲು ಅದರ ವರ್ಗಮೂಲದ ತನಕ ಭಾಗಿಸಿ ನೋಡಬೇಕು. ಇದನ್ನು ಯಾರೂ ಹಾಗೆ ಭಾಗಿಸಿ ನೋಡಿರಲು ಸಾಧ್ಯವಿಲ್ಲ. ಮತ್ತೆ ಯಾವ ಧೈರ್ಯದ ಮೇಲೆ ಅವಿಭಾಜ್ಯ ಎನ್ನುತ್ತಾರೆ?
(ನಿವೃತ್ತ ಶಿಕ್ಷಕರು, ಕೆ.ಆರ್. ಪೇಟೆ)

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ನ್ಯಾಯವಾದದ್ದು. ಈ ಸಂಖ್ಯೆಯ ವರ್ಗಮೂಲದಲ್ಲೇ ಎರಡು ಕೋಟಿಗೂ ಮೀರಿ ಅಂಕಿಗಳಿವೆ. ಕಣ್ಣಿಗೆ ಎಟಕುವ ವಿಶ್ವದ ಪರಮಾಣುಗಳ ಲೆಕ್ಕ ಬರೆಯಲು ಸುಮಾರು 80 ಅಂಕಿ ಸಾಕು ಎನ್ನುತ್ತಾರೆ. ಭಾಗಿಸಿ ನೋಡುವ ದಾರಿ ಯಾವ ಕಂಪ್ಯೂಟರಿಗೂ, ಯಾವ ಕಾಲಕ್ಕೂ ಆಗದ ಕೆಲಸ. ಬೇರೆ ದಾರಿ ಇದೆ, ಆದರೆ ಎಲ್ಲ ಸಂಖ್ಯೆಗೂ ಇಲ್ಲ. ದೊಡ್ಡಣ್ಣನ ಆಕಾರ ಅಂಥದ್ದು, ಅದಕ್ಕೇ ಅವನು ಕೈಗೆ ಸಿಗುತ್ತಾನೆ. ಅದೇ ಗಾತ್ರದ ಬೇರೆ ಯಾವುದೋ ಗೊತ್ತುಗುರಿಯಿಲ್ಲದ ಸಂಖ್ಯೆ ಕೊಟ್ಟು ಇದು ಅವಿಭಾಜ್ಯವೇ ಅಂತ ಕೇಳಿದರೆ ಇವತ್ತಿಗೂ ಎಲ್ಲರೂ ಕೈಚೆಲ್ಲುತ್ತಾರೆ.

2ರ ಘಾತದಲ್ಲಿ 1 ಕಳೆದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಎಂದು ಹೆಸರು. ಮರಾನ್ ಮರ್ಸೆನ್ ಫ್ರಾನ್ಸಿನ ಒಬ್ಬ ಪಾದ್ರಿ. 1644ರಲ್ಲಿ ಅವರು ಒಂದು ಪಟ್ಟಿ ಕೊಟ್ಟರು: ಘಾತಾಂಕ 2, 3, 5, 7, 13, 17, 19, 31, 67, 127, 257 ಆದರೆ ಅವಿಭಾಜ್ಯ, 257ರ ಒಳಗೆ ಬೇರೆ ಯಾವುದೂ ಅಲ್ಲ ಅಂತ. ಪಟ್ಟಿಯಲ್ಲಿ ಐದು ತಪ್ಪು. 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಅಷ್ಟು ತಪ್ಪಿದರೂ ಹೆಸರು ಮಾತ್ರ ಅವರದ್ದೇ ಉಳಿಯಿತು!

ಘಾತಾಂಕ ಅವಿಭಾಜ್ಯವಲ್ಲದಿದ್ದರೆ ಸಂಖ್ಯೆಯೂ ಅಲ್ಲ. 6 ತಗೊಳ್ಳಿ: 2ರ 6ನೇ ಘಾತ ಕಳೆ 1 ಅಂದರೆ 63, ಅದು 3ರಿಂದಲೂ 7ರಿಂದಲೂ ಹೋಗುತ್ತದೆ. ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಅಂತಲೂ ಇಲ್ಲ. 11 ತಗೊಳ್ಳಿ: 2047, ಅದು 23 ಗುಣಿಸು 89. ಈ 23 ಮತ್ತು 89ನ್ನು ಸ್ವಲ್ಪ ದಿಟ್ಟಿಸಿ ನೋಡಿ ಮೇಷ್ಟ್ರೇ. 23 ಅಂದರೆ 22ಕ್ಕೆ 1 ಕೂಡಿದ್ದು, 89 ಅಂದರೆ 88ಕ್ಕೆ 1 ಕೂಡಿದ್ದು. ಎರಡೂ 22ರ ಮಗ್ಗಿಗಿಂತ ಒಂದು ಜಾಸ್ತಿ, ಅಂದರೆ ಘಾತಾಂಕದ ಎರಡರಷ್ಟರ ಮಗ್ಗಿಗಿಂತ ಒಂದು ಜಾಸ್ತಿ. ಇದು ಕಾಕತಾಳೀಯ ಅಲ್ಲ. ಘಾತಾಂಕ 2ನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯವಾದರೂ ಮರ್ಸೆನ್ ಸಂಖ್ಯೆಯ ಅಪವರ್ತನ ಹೀಗೇ ಇರಬೇಕು ಅನ್ನೋದು ಸಾಬೀತಾದ ಮಾತು. ಹಾಗಾದರೆ ದೊಡ್ಡಣ್ಣನನ್ನು ಭಾಗಿಸಬಹುದಾದ ಅತಿ ಚಿಕ್ಕ ಅಭ್ಯರ್ಥಿಯೇ 27,25,59,683. ಅದಕ್ಕಿಂತ ಕೆಳಗಿನ 3, 7, 11, 13 ಯಾವುದನ್ನೂ ಮುಟ್ಟಿ ನೋಡುವ ಅಗತ್ಯವೇ ಇಲ್ಲ, ಇಪ್ಪತ್ತೇಳು ಕೋಟಿಯ ತನಕ ಕಣ್ಣು ಮುಚ್ಚಿಕೊಂಡು ದಾಟಬಹುದು.

ಈಗ ಅಸಲು ಪರೀಕ್ಷೆ. ಇದರ ಬೇರು ಫ್ರಾನ್ಸಿನ ಎದುವಾರ್ ಲೂಕಾ ಅವರದ್ದು, ಚೊಕ್ಕ ಮಾಡಿದ್ದು ಅಮೆರಿಕದ ಡಿ.ಎಚ್. ಲೆಹ್ಮರ್, 1930ರಲ್ಲಿ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ. ಪರೀಕ್ಷೆಗೆ ಇಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆ, ಮತ್ತೆ ಶೇಷ. ಘಾತಾಂಕಕ್ಕಿಂತ ಎರಡು ಕಮ್ಮಿ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ನಡುವೆ ಸಂದೇಹಕ್ಕೆ ಜಾಗವೇ ಇಲ್ಲ.

127ಕ್ಕೆ ಮಾಡಿ ನೋಡೋಣ. ಅದು 2ರ 7ನೇ ಘಾತ ಕಳೆ 1, ಹಾಗಾಗಿ ಐದು ಸಲ. 4ರ ವರ್ಗ ಕಳೆ 2, 14. 14ರ ವರ್ಗ ಕಳೆ 2, 194, ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319. ಅದು 127 ಗುಣಿಸು 97, ಸರಿಯಾಗಿ ಹೋಗುತ್ತದೆ, ಶೇಷ ಸೊನ್ನೆ. ಅವಿಭಾಜ್ಯ. ಇದೇ ಆಟವನ್ನು 2047ಕ್ಕೆ ಒಂಬತ್ತು ಸಲ ಆಡಿದರೆ ಕೊನೆಗೆ 1736 ಉಳಿಯುತ್ತದೆ, ಸೊನ್ನೆ ಅಲ್ಲ. ಒಂದು ಸಂಜೆ ಕಾಫಿ ಕುಡಿಯುತ್ತಾ ಕೂತು ಮಾಡುವಂಥ ಲೆಕ್ಕ. ನಿಮಗೆ ಖಂಡಿತ ಹಿಡಿಸುತ್ತದೆ.

ಆ ಭಾಗಾಕಾರ ಕೂಡ ಇಲ್ಲಿ ಪುಕ್ಕಟೆ. 31ರ ಪರೀಕ್ಷೆಯಲ್ಲಿ 194 ಬಂತು ಅನ್ನಿ. 194 ಅಂದರೆ ಆರು 32 ಮತ್ತು ಮೇಲೆ 2. 32ನ್ನು 31ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಆರು 32ಗಳು ಆರೇ ಆದವು. 6 ಕೂಡಿಸು 2, ಶೇಷ 8. ಬರೀ ಕೂಡಿದ್ದು, ಭಾಗಿಸಿಲ್ಲ. ಕಂಪ್ಯೂಟರ್ ಒಳಗಿನ ದ್ವಿಮಾನ ಬರವಣಿಗೆಯಲ್ಲಿ ದೊಡ್ಡಣ್ಣ ಅಂದರೆ 13,62,79,841 ಒಂದುಗಳ ಸಾಲು, ನಡುವೆ ಒಂದೂ ಸೊನ್ನೆ ಇಲ್ಲ. ಸಂಖ್ಯೆಯನ್ನು ಎರಡು ತುಂಡು ಮಾಡಿ ಕೂಡಿದರೆ ಶೇಷ ಸಿಕ್ಕಿಬಿಡುತ್ತದೆ. ದಾಖಲೆಯ ಅವಿಭಾಜ್ಯಗಳಲ್ಲಿ ಹೆಚ್ಚಿನವು ಮರ್ಸೆನ್ ಸಂಖ್ಯೆಗಳೇ ಆಗಿರೋದಕ್ಕೆ ಇದೇ ಕಾರಣ. ಹುಡುಕುವುದು ಸುಲಭ ಇರುವ ಕಡೆ ಹುಡುಕುತ್ತಾರೆ, ಅಷ್ಟೇ.

ಸುಲಭ ಅಂದರೂ ದೊಡ್ಡಣ್ಣನಿಗೆ ಹದಿಮೂರು ಕೋಟಿಗೂ ಹೆಚ್ಚು ಸಲ ಈ ವರ್ಗ ಮಾಡಬೇಕು, ಪ್ರತಿ ಸಲವೂ ನಾಲ್ಕು ಕೋಟಿ ಅಂಕಿಯಷ್ಟು ದೊಡ್ಡ ಸಂಖ್ಯೆಯದ್ದು. ಅದಕ್ಕೇ ಮೊದಲು ಬೇರೆ ಒಂದು ಪರೀಕ್ಷೆಯಿಂದ ಜರಡಿ ಹಿಡಿಯುತ್ತಾರೆ. ಅದು ಫ್ರಾನ್ಸಿನ ಗಣಿತಜ್ಞ ಫರ್ಮಾನ ಹಳೆಯ ಸೂತ್ರದ ಮೇಲೆ ನಿಂತದ್ದು. ಅದರಲ್ಲಿ ತಪ್ಪಿದ ಸಂಖ್ಯೆ ಅವಿಭಾಜ್ಯ ಅಲ್ಲವೇ ಅಲ್ಲ. ಪಾಸಾದದ್ದು ಬಹುಶಃ ಹೌದು, ಗ್ಯಾರಂಟಿ ಇಲ್ಲ. ಯಾಕೆ ಗ್ಯಾರಂಟಿ ಇಲ್ಲ ಅನ್ನೋದಕ್ಕೆ ನಮ್ಮ ರಾಮಾನುಜನ್ನರ 1729ನ್ನೇ ನೋಡಿ. ಅದು 7, 13, 19ರ ಗುಣಲಬ್ಧ, ಅವಿಭಾಜ್ಯ ಅಲ್ಲ. ಆದರೂ ಈ ಮೂರರಿಂದ ಭಾಗವಾಗದ ಯಾವ ಆಧಾರ ಸಂಖ್ಯೆ (ಪರೀಕ್ಷೆಗೆ ನಾವು ಆರಿಸಿಕೊಳ್ಳುವ ಸಂಖ್ಯೆ) ಇಟ್ಟು ಫರ್ಮಾ ಪರೀಕ್ಷೆ ಮಾಡಿದರೂ ಪಾಸಾಗಿಬಿಡುತ್ತದೆ, ಕಳ್ಳ! ದೊಡ್ಡಣ್ಣ ಈ ಮೊದಲ ಪರೀಕ್ಷೆ ಪಾಸಾದದ್ದು 2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಗ್ರಾಫಿಕ್ಸ್ ಚಿಪ್‌ನಲ್ಲಿ. ಮರುದಿನ ಅಮೆರಿಕದ ಟೆಕ್ಸಾಸ್‌ನ ಇನ್ನೊಂದು ಚಿಪ್‌ನಲ್ಲಿ ಲೂಕಾ-ಲೆಹ್ಮರ್ ಪರೀಕ್ಷೆ ಮುಗಿದು ಸೊನ್ನೆ ಬಂತು. ಆಮೇಲೆ ಬೇರೆ ಬೇರೆ ಪ್ರೋಗ್ರಾಮ್, ಬೇರೆ ಬೇರೆ ಯಂತ್ರಗಳಲ್ಲಿ ಮತ್ತೆ ಮಾಡಿ ನೋಡಿಯೇ ಅಕ್ಟೋಬರ್ 21ಕ್ಕೆ ಪ್ರಕಟಿಸಿದರು.

ಕಾನ್ಪುರದ ಐಐಟಿಯ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಎಲ್ಲ ಸಂಖ್ಯೆಗೂ ಸಲ್ಲುವ, ಅದೃಷ್ಟವನ್ನು ನೆಚ್ಚದ ವೇಗದ ಪರೀಕ್ಷೆ ಕೊಟ್ಟರಲ್ಲ, ಅದು ಸಾಲದೇ ಅಂತ ನೀವು ಕೇಳಿಯೇ ಕೇಳುತ್ತೀರಿ. ಜಗತ್ತೇ ಬೆರಗಾದ ಕೆಲಸ ಅದು. ಆದರೆ ಸಿದ್ಧಾಂತದಲ್ಲಿ ವೇಗ ಬೇರೆ, ಯಂತ್ರದಲ್ಲಿ ಓಡಿಸುವ ವೇಗ ಬೇರೆ. ಈ ಗಾತ್ರಕ್ಕೆ ಅದು ಬಹಳ ನಿಧಾನ.

ಅವಿಭಾಜ್ಯ ಅಲ್ಲ ಅಂತ ತಿಳಿಯೋದು ಬೇರೆ, ಅಪವರ್ತನ ಹುಡುಕೋದು ಬೇರೆ. ಮರ್ಸೆನ್ ಪಟ್ಟಿಯ ಆ ಘಾತಾಂಕ 67ರ ಸಂಖ್ಯೆ ಇದೆಯಲ್ಲ, ಅದು ಅವಿಭಾಜ್ಯವಲ್ಲ ಎಂದು ಲೂಕಾ 1876ರಲ್ಲೇ ತೋರಿಸಿದ್ದರು, ಒಂದೂ ಅಪವರ್ತನ ಕೈಲಿಲ್ಲದೆ. ಅಪವರ್ತನ ಸಿಕ್ಕಿದ್ದು 1903ರಲ್ಲಿ, ಫ್ರಾಂಕ್ ಕೋಲ್ ಅವರಿಗೆ: 19,37,07,721 ಗುಣಿಸು 7,61,83,82,57,287. ಅದನ್ನು ಒಂದು ಸಭೆಯಲ್ಲಿ ಮಾತೇ ಆಡದೆ ಬೋರ್ಡ್ ಮೇಲೆ ಗುಣಿಸಿ ತೋರಿಸಿ ಕೂತರು ಎಂಬ ಕಥೆ ಇದೆ. ನಿಮ್ಮಂಥ ಮೇಷ್ಟ್ರುಗಳಿಗೆ ಹೇಳಿ ಮಾಡಿಸಿದ ಕಥೆ.

ಪ್ರಶ್ನೆ: ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಇಲ್ಲವೇ ಇಲ್ಲ ಅಂತ ನನ್ನ ಮಗ ವಾದ ಮಾಡ್ತಾನೆ. ಹೌದಾ?
(ಗೃಹಿಣಿ, ಸರಸ್ವತಿಪುರಂ, ಮೈಸೂರು)

ಉತ್ತರ: ಇಲ್ಲ ತಾಯಿ, ನೀವೇ ಗೆದ್ದಿರಿ. ಇದು ‘ಗೊತ್ತಿರುವವುಗಳಲ್ಲಿ’ ದೊಡ್ಡದು. ಅವಿಭಾಜ್ಯಗಳಿಗೆ ಕೊನೆ ಇಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ. ಇರುವ ಅಷ್ಟೂ ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿದರೆ, ಬಂದದ್ದು ಅವುಗಳಲ್ಲಿ ಯಾವುದರಿಂದಲೂ ಭಾಗವಾಗದು, ಎಲ್ಲದಕ್ಕೂ ಶೇಷ 1. ಹಾಗಾಗಿ ಪಟ್ಟಿಯಲ್ಲಿಲ್ಲದ ಇನ್ನೊಂದು ಇರಲೇಬೇಕು. ಮಗನಿಗೆ ಒಂದು ಎಚ್ಚರಿಕೆ ಹೇಳಿ: ಬಂದ ಸಂಖ್ಯೆಯೇ ಅವಿಭಾಜ್ಯ ಅಂತ ತಿಳಿಯಬಾರದು. 2, 3, 5, 7, 11, 13 ಗುಣಿಸಿ 1 ಕೂಡಿದರೆ 30031, ಅದು 59 ಗುಣಿಸು 509.

ಇನ್ನೊಂದು ಮಜಾ. 1ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆಗೂ ಅದರ ಎರಡರಷ್ಟಕ್ಕೂ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ ಎಂದು ರಷ್ಯಾದ ಚೆಬಿಶೇವ್ 1852ರಲ್ಲಿ ಸಾಬೀತು ಮಾಡಿದ್ದಾರೆ. ಹಾಗಾದರೆ ದೊಡ್ಡಣ್ಣನಿಗೂ ಅವನ ಎರಡರಷ್ಟಕ್ಕೂ ನಡುವೆ ಖಂಡಿತ ಇದೆ. ಒಂದಲ್ಲ, ಎಣಿಸಲಾಗದಷ್ಟು. ಇದೆ ಅಂತ ಗೊತ್ತು, ಒಂದನ್ನಾದರೂ ಬೆರಳಿಟ್ಟು ತೋರಿಸಿ ಅಂದರೆ ಇವತ್ತಿಗೆ ಯಾರಿಂದಲೂ ಆಗಲ್ಲ. ಮರ್ಸೆನ್ ಜಾತಿಯ ಅವಿಭಾಜ್ಯಗಳು ಕೊನೆಯಿಲ್ಲದೆ ಇವೆಯೇ ಅನ್ನೋದಂತೂ ಇನ್ನೂ ಬಿಡಿಸದ ಸಮಸ್ಯೆ. ಇದುವರೆಗೆ ಸಿಕ್ಕಿರೋದು 52.

ಪ್ರಶ್ನೆ: ನಮ್ಮ ಅಂಗಡಿಯಲ್ಲಿ ಈಗ ಮುಕ್ಕಾಲು ಪಾಲು ವ್ಯಾಪಾರ ಫೋನ್‌ಪೇ, ಗೂಗಲ್‌ಪೇ ಮೇಲೆ. ಈ ದುಡ್ಡು ಕಳ್ಳರ ಕೈಗೆ ಸಿಗದ ಹಾಗೆ ಕಾಯೋದೇ ಇಂಥ ದೊಡ್ಡ ಅವಿಭಾಜ್ಯ ಸಂಖ್ಯೆ ಅಂತ ಅಂಗಡಿಯ ಹುಡುಗ ಹೇಳ್ತಾನೆ. ನಿಜವಾ? ಹೊಸದು ಸಿಕ್ಕಿದ್ದರಿಂದ ನಮಗೇನಾದರೂ ಉಪಯೋಗ ಉಂಟಾ?
(ದಿನಸಿ ವ್ಯಾಪಾರಿ, ಮಂಡ್ಯ)

ಉತ್ತರ: ಹುಡುಗ ಹೇಳಿದ್ದು ಅರ್ಧ ಸರಿ ಯಜಮಾನ್ರೇ. ಅವಿಭಾಜ್ಯಗಳು ಕೆಲಸಕ್ಕೆ ಬರುತ್ತವೆ. ದೊಡ್ಡಣ್ಣ ಬರೋದಿಲ್ಲ. ಪೇಪರಿನಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ಕೊನೆಗೆ ‘ಇದು ಬ್ಯಾಂಕ್ ಭದ್ರತೆಗೆ ಸಹಕಾರಿ’ ಅಂತ ಒಂದು ಸಾಲು ಅಂಟಿಸಿರುತ್ತಾರೆ. ನನಗೆ ಅದನ್ನು ಕಂಡರೆ ಆಗಲ್ಲ.

1977ರಲ್ಲಿ ಬಂದ, ಸಂದೇಶವನ್ನು ಗುಟ್ಟಾಗಿಡುವ ಆರ್‌ಎಸ್‌ಎ ಎಂಬ ಪದ್ಧತಿಯಲ್ಲಿ ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಊರಿಗೆಲ್ಲ ತೋರಿಸುತ್ತಾರೆ, ಆ ಎರಡನ್ನು ಮಾತ್ರ ಗುಟ್ಟಾಗಿ ಇಡುತ್ತಾರೆ. ಗುಣಿಸೋದು ಚಿಟಿಕೆ ಹೊಡೆದಷ್ಟು ಸುಲಭ, ಗುಣಲಬ್ಧದಿಂದ ಹಿಂದಕ್ಕೆ ಬರೋದು ಬಹಳ ಕಷ್ಟ. ಈಗ ರೂಢಿಯಲ್ಲಿರುವ ಗಾತ್ರದಲ್ಲಿ ಒಂದೊಂದು ಅವಿಭಾಜ್ಯಕ್ಕೂ 300 ಚಿಲ್ಲರೆ ಅಂಕಿ. ಅಷ್ಟೇ ಸಾಕು. 2020ರಲ್ಲಿ ಸಂಶೋಧಕರು ಒಡೆದು ತೋರಿಸಿದ ಆರ್‌ಎಸ್‌ಎ ಸವಾಲಿನ ಸಂಖ್ಯೆಗೆ 250 ಅಂಕಿ ಇತ್ತು, ಅದಕ್ಕೇ ಕಂಪ್ಯೂಟರುಗಳ ದೊಡ್ಡ ಪಡೆಯೇ ಬೇಕಾಯಿತು. ಇಲ್ಲಿ ಗುಣಲಬ್ಧಕ್ಕೆ 600ಕ್ಕೂ ಹೆಚ್ಚು ಅಂಕಿ. 308 ಅಂಕಿಯ ಅವಿಭಾಜ್ಯಗಳೇ ಎಷ್ಟಿವೆ ಅಂದರೆ, 1ರ ಮುಂದೆ 305 ಸೊನ್ನೆ ಹಾಕಿದರೂ ಆ ಲೆಕ್ಕಕ್ಕೆ ಕಮ್ಮಿಯೇ. ಆ ಗಾತ್ರದ ಬೆಸ ಸಂಖ್ಯೆಗಳನ್ನು ಸುಮ್ನೆ ಆರಿಸುತ್ತಾ ಹೋದರೆ ಸರಾಸರಿ 355ಕ್ಕೊಂದು ಅವಿಭಾಜ್ಯ ಸಿಗುತ್ತದೆ, ಫೋನಿಗೆ ಅದು ಕ್ಷಣದ ಕೆಲಸ. ದೊಡ್ಡಣ್ಣನ ಗುರುತು ಇಡೀ ಜಗತ್ತಿಗೇ ಇದೆ. ಊರಿಗೆಲ್ಲ ಗೊತ್ತಿರುವ ಸಂಖ್ಯೆ ಗುಟ್ಟಿಗೆ ಹೇಗಾದೀತು?

ಇನ್ನೊಂದು ಬಗೆ ಇದೆ. ಅಲ್ಲಿ ಅವಿಭಾಜ್ಯ ಗುಟ್ಟಲ್ಲ, ಎಲ್ಲರೂ ಒಂದನ್ನೇ ಬಳಸುತ್ತಾರೆ, ಗುಟ್ಟು ಬೇರೆ ಕಡೆ ಇರುತ್ತದೆ. ನೀವು ವಾಟ್ಸಾಪ್‌ನಲ್ಲಿ ಸರಕಿನ ಪಟ್ಟಿ ಕಳಿಸುತ್ತೀರಲ್ಲ, ಅದನ್ನು ಬೇರೆಯವರು ಓದದ ಹಾಗೆ ಕಾಯುವ ಲೆಕ್ಕದ ಬುಡದಲ್ಲಿ 77 ಅಂಕಿಯ ಒಂದು ಅವಿಭಾಜ್ಯ ಇದೆ: 2ರ 255ನೇ ಘಾತ ಕಳೆ 19. ಇದನ್ನೇ ಯಾಕೆ ಆರಿಸಿದರು ಅಂದರೆ ಮೇಷ್ಟ್ರಿಗೆ ಮೇಲೆ ಹೇಳಿದ ಕಾರಣವೇ, ಆಕಾರ. 2ರ 255ನೇ ಘಾತ ಎಲ್ಲಿ ಬಂದರೂ ಅಲ್ಲಿ 19 ಹಾಕಿದರೆ ಸಾಕು, ಶೇಷ ಸಿಗುತ್ತದೆ. ಮರ್ಸೆನ್ ಜಾತಿಯಲ್ಲೂ ದುಡಿಯುವವು ಇವೆ. ಘಾತಾಂಕ 521ರದ್ದು ಇದೇ ಥರದ ಭದ್ರತೆಯಲ್ಲಿ ಬಳಕೆಯಲ್ಲಿದೆ. 19937ರದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ದಾಳ ಹಾಕಿದ ಹಾಗೆ ಸಂಖ್ಯೆ ಹುಟ್ಟಿಸುವ ಸೂತ್ರದೊಳಗೆ ಕೂತಿದೆ.

ಹುಡುಕಾಟದಿಂದ ಬಂದ ಅಡ್ಡ ಲಾಭವನ್ನೂ ಹೇಳಿಬಿಡುತ್ತೇನೆ. 1994ರಲ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದಲ್ಲಿದ್ದ ದೋಷ ಸಿಕ್ಕಿಬಿದ್ದದ್ದು ಥಾಮಸ್ ನೈಸ್ಲಿ ಎಂಬ ಪ್ರಾಧ್ಯಾಪಕರು ಜೋಡಿ ಅವಿಭಾಜ್ಯಗಳ (11, 13ರ ಹಾಗೆ ಎರಡರ ಅಂತರದವು) ಲೆಕ್ಕ ಮಾಡುವಾಗ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ನ ಒಂದು ದೋಷ ಹೊರಬಿದ್ದದ್ದು ಮರ್ಸೆನ್ ಹುಡುಕುವ ಪ್ರೋಗ್ರಾಮ್ ಓಡಿಸುವಾಗಲೇ. ದಿನಗಟ್ಟಲೆ ಒಂದೂ ತಪ್ಪಿಲ್ಲದೆ ಲೆಕ್ಕ ಮಾಡು ಅಂದಾಗ ಯಂತ್ರದ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲೂ ಹುಡುಕಬಹುದಾ? ಸಿಕ್ಕರೆ ದುಡ್ಡು ಎಷ್ಟು?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಹುಡುಕಬಹುದು. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ ‘ಗಿಂಪ್ಸ್’ ಎಂಬ ಯೋಜನೆ ಇದೆ, ಪ್ರೋಗ್ರಾಮ್ ಉಚಿತ. ಹಾಕಿಕೊಂಡರೆ ಅವರೇ ಒಂದು ಘಾತಾಂಕ ಹಂಚುತ್ತಾರೆ, ಅದನ್ನು ನಿಮ್ಮ ಯಂತ್ರ ಪರೀಕ್ಷೆ ಮಾಡುತ್ತಾ ಕೂರುತ್ತದೆ. ದೊಡ್ಡಣ್ಣನಿಗಿಂತ ಹಿಂದಿನ ದಾಖಲೆ 2018ರ ಡಿಸೆಂಬರ್‌ನದ್ದು, ಮನೆಯಲ್ಲಿಡುವಂಥ ಕಂಪ್ಯೂಟರಿನಲ್ಲೇ ಸಿಕ್ಕಿದ್ದು. ಆದರೆ ಡ್ಯುರಾಂಟ್ 17 ದೇಶಗಳಲ್ಲಿ ಬಾಡಿಗೆ ಗ್ರಾಫಿಕ್ಸ್ ಚಿಪ್‌ಗಳನ್ನು ಸಾಲಾಗಿ ಕೂರಿಸಿ ಹುಡುಕಿದರು. ಅವರ ಜೊತೆ ನಿಮ್ಮ ಹಾಸ್ಟೆಲ್ ಲ್ಯಾಪ್‌ಟಾಪ್ ಓಟಕ್ಕೆ ನಿಂತರೆ ಫಲಿತಾಂಶ ಊಹಿಸಬಹುದು. ಅವರಿಗೆ ಸಿಕ್ಕ ಬಹುಮಾನ 3,000 ಡಾಲರ್. ಹತ್ತು ಕೋಟಿ ಅಂಕಿಯದ್ದನ್ನು ಮೊದಲು ಹುಡುಕಿದವರಿಗೆ 1,50,000 ಡಾಲರ್ ಎಂದು ಅಮೆರಿಕದ ಇಎಫ್‌ಎಫ್ (ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್) ಸಂಸ್ಥೆ ಇಟ್ಟಿದೆ. ದುಡ್ಡಿಗಾಗಿ ಬೇಡ, ಕರೆಂಟ್ ಬಿಲ್ ಗಿಟ್ಟಲ್ಲ. ಪ್ರೋಗ್ರಾಮಿಂಗ್ ಬಂದರೆ ಲೂಕಾ-ಲೆಹ್ಮರ್ ಪರೀಕ್ಷೆಯನ್ನು ನೀವೇ ಹತ್ತು ಸಾಲಿನಲ್ಲಿ ಬರೆಯಿರಿ. 127, 521, 607 ಘಾತಾಂಕಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆ ಬರುತ್ತದೆ. ಲೂಕಾ ಅದೇ 127ರದ್ದನ್ನು, 39 ಅಂಕಿಯದ್ದನ್ನು, 1876ರಲ್ಲಿ ಕೈಲೆಕ್ಕದಲ್ಲೇ ಗೆದ್ದಿದ್ದರು. ಅದಕ್ಕಿಂತ ದೊಡ್ಡದು ಬರಲು ಸುಮಾರು 75 ವರ್ಷ ಹಿಡಿಯಿತು.

ಪ್ರಶ್ನೆ: ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?
(ಹತ್ತನೇ ತರಗತಿ, ಹುಣಸೂರು)

ಉತ್ತರ: ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಸಂಖ್ಯೆ ಪರಿಪೂರ್ಣ. 6 ಅಂದರೆ 1, 2, 3ರ ಮೊತ್ತ. 28 ಅಂದರೆ 1, 2, 4, 7, 14. ಒಂದೊಂದು ಮರ್ಸೆನ್ ಅವಿಭಾಜ್ಯಕ್ಕೂ ಒಂದೊಂದು ಪರಿಪೂರ್ಣ ಸಂಖ್ಯೆ: ಘಾತಾಂಕ 3 ಆದರೆ 4 ಗುಣಿಸು 7, 28, ಘಾತಾಂಕ 5 ಆದರೆ 16 ಗುಣಿಸು 31, 496. ದೊಡ್ಡಣ್ಣನಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿ, ಕೊನೆಯ ಅಂಕಿ 6. ಯಾಕೆ 6 ಅಂತ ಮದ್ದೂರಿನ ಅಕ್ಕನ ಉತ್ತರ ಓದಿ ನೀನೇ ಬಿಡಿಸು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯಾ? ಯಾರಿಗೂ ಸಿಕ್ಕಿಲ್ಲ, ಇಲ್ಲ ಅಂತ ಯಾರೂ ಸಾಬೀತು ಮಾಡಿಯೂ ಇಲ್ಲ.

ಪ್ರಶ್ನೆ: ನನ್ನ ಮೊಬೈಲ್ ನಂಬರ್ ಅವಿಭಾಜ್ಯವಾ ಅಂತ ಹೇಗೆ ನೋಡೋದು? ನಂಬರ್ ಕೆಳಗೆ ಬರೆದಿದ್ದೇನೆ.
(ಆಟೊ ಚಾಲಕರು, ಶ್ರೀರಂಗಪಟ್ಟಣ)

ಉತ್ತರ: ನಂಬರನ್ನು ಅಳಿಸಿ ಹಾಕಿದ್ದೇನೆ ಅಣ್ಣ. ಪತ್ರಿಕೆಗೆ ಹಾಗೆಲ್ಲ ಬರೆದು ಕಳಿಸಬೇಡಿ. ವಿಧಾನ ಹೇಳುತ್ತೇನೆ, ಮನೆಯಲ್ಲೇ ನೋಡಿಕೊಳ್ಳಿ.

ಹತ್ತಂಕಿ ಸಂಖ್ಯೆಯ ವರ್ಗಮೂಲ ಒಂದು ಲಕ್ಷದೊಳಗೆ ಬರುತ್ತದೆ, ಅಲ್ಲಿಯ ತನಕ 9592 ಅವಿಭಾಜ್ಯಗಳಿವೆ. ಎಲ್ಲದರಿಂದಲೂ ಭಾಗಿಸಿ ನೋಡುವ ಹೊಣೆ ಫೋನಿಗೇ ಬಿಡಿ. ಆದರೆ ಅದಕ್ಕೆ ಮುಂಚೆ ನಿಮ್ಮ ಕೈಲೇ ಆಗುವ ಜರಡಿ ಇದೆ. 9ರಿಂದ ಶುರುವಾಗುವ ಹತ್ತಂಕಿ ಸಂಖ್ಯೆಗಳಲ್ಲಿ ಸರಾಸರಿ 23ಕ್ಕೊಂದು ಅವಿಭಾಜ್ಯ. ನಿಮ್ಮದು 1, 3, 7, 9ರಲ್ಲಿ ಒಂದರಿಂದ ಕೊನೆಯಾದರೆ 9ಕ್ಕೊಂದು ಅನ್ನೋ ಮಟ್ಟಕ್ಕೆ ಬಂದಿರಿ, ಉಳಿದವರು ಅಲ್ಲೇ ಔಟ್. ಅಂಕಿಗಳನ್ನು ಕೂಡಿ, ಮೊತ್ತ 3ರಿಂದ ಭಾಗವಾಗದಿದ್ದರೆ 6ಕ್ಕೊಂದು. ಆಮೇಲೆ ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದು ಗುಂಪು ಕೂಡಿ ಮುಂದಿನದು ಕಳೆಯುತ್ತಾ ಹೋಗಿ. ಬಂದದ್ದು 7, 11, 13ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಭಾಗವಾಗುತ್ತದೆ. ಈ ಮೂರರ ಗುಣಲಬ್ಧ 1001 ಆಗಿರೋದರಿಂದ ಒಂದೇ ಕಳೆಯುವ ಲೆಕ್ಕದಲ್ಲಿ ಮೂರೂ ಪರೀಕ್ಷೆ ಆಗಿಹೋಗುತ್ತದೆ.

ಪಿನ್‌ಕೋಡ್ ಮೇಲೆ ಮಾಡಿ ತೋರಿಸುತ್ತೇನೆ, ಅದನ್ನು ಯಾರು ನೋಡಿದರೂ ತೊಂದರೆ ಇಲ್ಲ. ಮೈಸೂರಿನ 570001. ಕೊನೆ 1, ಸರಿ. ಅಂಕಿಗಳ ಮೊತ್ತ 13, ಮೂರರಿಂದ ಹೋಗಲ್ಲ. 570ರಲ್ಲಿ 1 ಕಳೆದರೆ 569, ಅದು 7, 11, 13 ಯಾವುದರಿಂದಲೂ ಹೋಗಲ್ಲ. ವರ್ಗಮೂಲ 755ಕ್ಕೆ ಸ್ವಲ್ಪ ಕಮ್ಮಿ, ಹಾಗಾಗಿ 751ರ ತನಕದ ಅವಿಭಾಜ್ಯಗಳಿಂದ ನೋಡಿದರೆ ಸಾಕು, ಒಟ್ಟು 133. ಯಾವುದರಿಂದಲೂ ಭಾಗವಾಗಲ್ಲ. 570001 ಅವಿಭಾಜ್ಯ! ಮಂಡ್ಯದ 571401 ಮಾತ್ರ ಶುರುವಿನಲ್ಲೇ ಬೀಳುತ್ತದೆ, ಅಂಕಿಗಳ ಮೊತ್ತ 18, ಅಂದರೆ 9ರಿಂದಲೇ ಹೋಗುತ್ತದೆ. ಮೈಸೂರಿನವರು ಇದನ್ನು ಹಿಡಿದುಕೊಂಡು ಆಡಿಕೊಂಡರೆ ನಿಮ್ಮ ಆಟೊ ನಂಬರ್ ಪ್ಲೇಟ್ ತೋರಿಸಿ. ಮಂಡ್ಯದ ಕೆಎ-11 ಅವಿಭಾಜ್ಯ, ಮೈಸೂರಿನ 09, 55 ಎರಡೂ ಅಲ್ಲ.